ಗಾಜಿನಲ್ಲಿ ಕರೆಂಟ್, ಎರೆಹೊಲದಲ್ಲಿ ಬಿರುಕು

ಹುಮನಾಬಾದ್‌ನ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ: "ಸರ್, ಮೊಬೈಲ್ ಬಿದ್ದು ಗ್ಲಾಸ್ ಸೀಳ್ಯದ. ನಡು ಪಟ್ಟಿನಾಗ ಟಚ್ ಹಿಡಿಯಲ್ಲ. ಬೆಳೆ ಸಮೀಕ್ಷೆ ಆ್ಯಪ್‌ನಾಗ ಬಟನ್ ಅಲ್ಲೇ ಬರ್ತದ. ಗ್ಲಾಸಿನ್ಯಾಗ ಕರೆಂಟ್ ಹೆಂಗ ಹೋಗ್ತದ ರೀ?"

ಒಳ್ಳೆ ಪ್ರಶ್ನೆ. ಕರೆಂಟ್ ಹರಿಯೋದು ಗಾಜಿನಲ್ಲಲ್ಲ, ಅದಕ್ಕೆ ಹಚ್ಚಿದ ಕಣ್ಣಿಗೆ ಕಾಣದ ಲೇಪದಲ್ಲಿ. ಬೆರಳು ಇಟ್ಟಲ್ಲಿ ಚಾರ್ಜ್ ಚೂರು ಬದಲಾಗುತ್ತೆ, ಫೋನ್ ಅದನ್ನು ಗುರುತಿಸುತ್ತೆ. ಈ ಲೇಪ ಸಾಮಾನ್ಯವಾಗಿ ಇಂಡಿಯಂ ಟಿನ್ ಆಕ್ಸೈಡ್, ಚಿಕ್ಕದಾಗಿ ಐಟಿಒ. ಬೆಳಕನ್ನೂ ಬಿಡುತ್ತೆ, ಕರೆಂಟನ್ನೂ ಬಿಡುತ್ತೆ. ಆದರೆ ಸ್ವಭಾವ ಹಪ್ಪಳದ್ದು, ಬಗ್ಗಿಸಿದರೆ ಬಿರಿಯುತ್ತೆ. ಅದರ ಗೆರೆ ತುಂಡಾದ ಕಡೆ ಟಚ್ ಸತ್ತ ಹಾಗೆ. ಮೇಲಾಗಿ ಇಂಡಿಯಂ ಅಪರೂಪದ ಲೋಹ, ಹೆಚ್ಚಾಗಿ ಸತುವಿನ ಅದಿರು ಸಂಸ್ಕರಿಸುವಾಗ ಜೊತೆಗೆ ಸಿಗುವಂಥದ್ದು.

ಇದಕ್ಕೆ ಬದಲಿ ಅಂತ ಆಸೆ ಹುಟ್ಟಿಸಿದ್ದು ಕಾರ್ಬನ್ ನ್ಯಾನೊಟ್ಯೂಬ್. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಇವನ್ನು ಜಗತ್ತಿನ ಗಮನಕ್ಕೆ ತಂದರು. ಇಂಗಾಲದ ಹಾಳೆಯನ್ನು ಸುರುಳಿ ಸುತ್ತಿದಂಥ ಕೊಳವೆ. ಒಂಟಿ ಗೋಡೆಯದಾದರೆ ಅಗಲ ಸುಮಾರು 1 ನ್ಯಾನೊಮೀಟರ್, ನಮ್ಮ ಕೂದಲು ಅದರ ಹತ್ತಾರು ಸಾವಿರ ಪಟ್ಟು ದಪ್ಪ. ದ್ರವದಲ್ಲಿ ಕಲಸಿ ಪ್ಲಾಸ್ಟಿಕ್ ಮೇಲೆ ಸಿಂಪಡಿಸಿದರೆ ಬಲೆಯಾಗುತ್ತೆ. ಸಂದಿಯಲ್ಲಿ ಬೆಳಕು ಹಾಯುತ್ತೆ, ಬಗ್ಗಿಸಿದರೂ ಮುರಿಯಲ್ಲ. 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಂಥ ಪದರದ ಪ್ರಬಂಧ ಬಂದಾಗ ಭರವಸೆ ಜೋರಾಗಿಯೇ ಇತ್ತು.

ಎಡವಿದ್ದು ಜೋಡಣೆಯಲ್ಲಿ. ಒಂದೊಂದು ಕೊಳವೆಯೂ ಒಳ್ಳೆ ದಾರಿಯೇ, ಆದರೆ ಒಂದರ ಮೇಲೊಂದು ಬಿದ್ದಿರುತ್ತವೆ, ಬೆಸೆದಿರಲ್ಲ. ಹುಮನಾಬಾದ್‌ನಿಂದ ಬಸವಕಲ್ಯಾಣಕ್ಕೆ ಹೆದ್ದಾರಿ ಚೆನ್ನಾಗಿದ್ದೂ ಅರ್ಧ ಕಿಲೋಮೀಟರಿಗೊಂದು ಗೇಟ್ ಹಾಕಿದರೆ? ಕರೆಂಟಿನ ಪಾಡು ಹಾಗೆ. ಸಾಲದ್ದಕ್ಕೆ ಒಂಟಿ ಗೋಡೆಯ ಕೊಳವೆಗಳಲ್ಲಿ ಸುಮಾರು ಮೂರಕ್ಕೊಂದು ಮಾತ್ರ ಲೋಹದ ಗುಣದ್ದು, ಉಳಿದವು ಅರೆವಾಹಕ. ಪದರ ದಪ್ಪ ಮಾಡಿದರೆ ಕರೆಂಟ್ ಸಲೀಸು, ನೋಟ ಮಸುಕು.

ಹಾಗಾದರೆ ಗೇಟೇ ಇಲ್ಲದ ಬಲೆ ಸಾಧ್ಯವಾ? ಬೇಸಿಗೆಯಲ್ಲಿ ಬಸವಕಲ್ಯಾಣದ ಕಡೆಯ ಎರೆಹೊಲ ನೆನಪಿಸಿಕೊಳ್ಳಿ. (ಕೆಂಪು ಮಣ್ಣು ಹೀಗೆ ಬಿರಿಯಲ್ಲ ಬಿಡಿ.) ಮಣ್ಣು ಒಣಗಿ ಕುಗ್ಗಿ, ಬಿರುಕಿಗೆ ಬಿರುಕು ಕೂಡಿ ಇಡೀ ಹೊಲವೇ ಒಂದು ಬಲೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಜಿ. ಯು. ಕುಲಕರ್ಣಿ ಮತ್ತು ಸಂಗಡಿಗರು ಮಾಡಿದ್ದು ಇಂಥದ್ದನ್ನೇ. ಗಾಜಿನ ಮೇಲೆ ಅಕ್ರಿಲಿಕ್ ಕಣಗಳ ದ್ರವ ಹಚ್ಚಿ ಒಣಗಲು ಬಿಡ್ತಾರೆ. ಪದರ ತಾನಾಗಿ ಬಿರಿಯುತ್ತೆ. ಅದರ ಮೇಲೆ ಲೋಹದ ಆವಿ ಕೂರಿಸಿದರೆ ಬಿರುಕಿನ ತಳದಲ್ಲಿ ಅದು ಗಾಜಿಗೇ ಅಂಟುತ್ತೆ. ಆಮೇಲೆ ಪದರ ತೊಳೆದುಬಿಟ್ಟರಾಯ್ತು, ಉಳಿಯೋದು ತೀರಾ ಸಣ್ಣ ಗೆರೆಗಳ ಲೋಹದ ಬಲೆ. ಕೂಡುವ ಕಡೆಯಲ್ಲೆಲ್ಲ ಲೋಹ ಒಂದೇ, ಎಲ್ಲೂ ಗೇಟ್ ಇಲ್ಲ. 2014ರಲ್ಲಿ ಇದರ ಪ್ರಬಂಧಗಳು ಬಂದವು. ಸೌರಕೋಶದಲ್ಲಿ ಬಳಸಿ ನೋಡಿದ್ದಾರೆ, ಕರೆಂಟ್ ಹಾಯಿಸಿ ಗಾಜನ್ನೇ ಬಿಸಿ ಮಾಡಿಯೂ ತೋರಿಸಿದ್ದಾರೆ.

ಹುಮನಾಬಾದ್‌ನ ಅಣ್ಣಾವ್ರೇ, ಸದ್ಯ ನಿಮ್ಮ ಫೋನಿಗೆ ಇದ್ಯಾವುದೂ ಬರಲ್ಲ. ರಿಪೇರಿ ಅಂಗಡಿಯಲ್ಲಿ ಹಾಕೋ ಹೊಸ ಡಿಸ್‌ಪ್ಲೇಯಲ್ಲೂ ಹೆಚ್ಚಾಗಿ ಐಟಿಒನೇ ಇರೋದು. ಅಲ್ಲೀತನಕ ಆಟೋ ರೊಟೇಟ್ ಹಾಕಿ ಫೋನ್ ಅಡ್ಡ ಹಿಡಿದು ನೋಡಿ, ಬಟನ್ ಸತ್ತ ಪಟ್ಟಿಯಿಂದ ಪಕ್ಕಕ್ಕೆ ಸರಿಯಬಹುದು. ಆ್ಯಪ್ ತಿರುಗದಿದ್ದರೆ ಯಾರ ಹತ್ರನಾದ್ರೂ ಒಟಿಜಿ ಕೇಬಲ್ ಇಸಕೊಂಡು ಕಂಪ್ಯೂಟರ್ ಮೌಸ್ ಸಿಕ್ಕಿಸಿ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಹುತೇಕ ನಡೆಯುತ್ತೆ.