ಅಲಾಸ್ಕ: ಕಾಡಿಗಿಂತ ಮೊದಲೇ ಬಂದ ಮನುಷ್ಯರು

1979ರಲ್ಲಿ ಅಲಾಸ್ಕದ ಫೇರ್‌ಬ್ಯಾಂಕ್ಸ್ ಬಳಿ ಚಿನ್ನದ ಗಣಿಯವರು ಹೆಪ್ಪುಗಟ್ಟಿದ ಮಣ್ಣಿಗೆ ರಭಸದಿಂದ ನೀರು ಹಾಯಿಸಿ ಕರಗಿಸುತ್ತಿದ್ದಾಗ ಒಂದು ಬೈಸನ್ ಹೊರಬಿತ್ತು. ಬರೀ ಮೂಳೆಯಲ್ಲ, ತೊಗಲು, ಮಾಂಸ, ಕೊಂಬು ಎಲ್ಲವೂ ಇತ್ತು. ಮೈಮೇಲೆ ಸಿಂಹದ ಹಲ್ಲು, ಉಗುರುಗಳ ಗುರುತು. ಸತ್ತು ಹತ್ತಾರು ಸಾವಿರ ವರ್ಷವಾಗಿತ್ತು. ವಿವಿಯನೈಟ್ ಎಂಬ ಖನಿಜ ಮೆತ್ತಿಕೊಂಡು ಚರ್ಮ ನೀಲಿಗಟ್ಟಿದ್ದರಿಂದ ‘ಬ್ಲೂ ಬೇಬ್’ ಎಂದು ಹೆಸರಾಯಿತು. ಅದನ್ನು ಅಧ್ಯಯನ ಮಾಡಿದ ಅಲಾಸ್ಕ ವಿಶ್ವವಿದ್ಯಾಲಯದ ಡೇಲ್ ಗತ್ರಿ, ಪ್ರಾಣಿಯನ್ನು ಪ್ರದರ್ಶನಕ್ಕೆ ಸಿದ್ಧಪಡಿಸಿದ ಮೇಲೆ ಅದರ ಕುತ್ತಿಗೆಯ ಒಂದು ತುಂಡನ್ನು ಬೇಯಿಸಿ ಗೆಳೆಯರ ಜೊತೆ ಊಟ ಮಾಡಿದರು. ಕಟ್ಟುಕಥೆಯಂತಿದ್ದರೂ ನಡೆದದ್ದೇ.

ಆದರೆ ಆ ಬೈಸನ್ ಏನು ತಿಂದು ಬದುಕಿತ್ತು ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಅದು ಹುಲ್ಲು ಮೇಯುವ ಪ್ರಾಣಿ. ಅದರ ಜೊತೆ ಮ್ಯಾಮತ್‌ಗಳಿದ್ದವು, ಕಾಡುಕುದುರೆಗಳಿದ್ದವು, ಇವನ್ನೆಲ್ಲ ಬೇಟೆಯಾಡುವ ಸಿಂಹಗಳೂ ಇದ್ದವು. ಇಂದು ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಕಣ್ಣು ಹಾಯಿಸಿದರೆ ಕಾಣುವುದು ಕಪ್ಪು ಸ್ಪ್ರೂಸ್ ಮರ, ಮೊಣಕಾಲುದ್ದ ಪಾಚಿ, ಜೌಗು. ಅಂಥ ಹಿಂಡುಗಳಿಗೆ ಅಲ್ಲಿ ಹೊಟ್ಟೆ ತುಂಬುವಷ್ಟು ಮೇವಿಲ್ಲ.

ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಕೆಳಗಿಳಿದು, ಈಗ ಬೇರಿಂಗ್ ಜಲಸಂಧಿ ಇರುವಲ್ಲಿ ಏಷ್ಯಾ, ಅಮೆರಿಕಗಳು ಒಂದೇ ನೆಲವಾಗಿದ್ದವು. ಕೆನಡಾದ ಬಹುಭಾಗ ಹಿಮದ ಹಾಸಿನಡಿ ಹೂತುಹೋಗಿದ್ದಾಗ ಅಲಾಸ್ಕದ ಒಳನಾಡು ಮಾತ್ರ ಬಯಲಾಗಿಯೇ ಉಳಿಯಿತು. ಚಳಿ ಕಡಿಮೆಯಿತ್ತೆಂದಲ್ಲ. ಹಿಮನದಿ ಬೆಳೆಯಲು ಹಿಮ ಬೀಳಬೇಕು. ಪೆಸಿಫಿಕ್‌ನಿಂದ ಬರುವ ತೇವವನ್ನೆಲ್ಲ ದಕ್ಷಿಣದ ಪರ್ವತಗಳು ತಡೆದುಬಿಡುತ್ತಿದ್ದವು. ಆ ಒಣ ಚಳಿಯಲ್ಲಿ, ಧೂಳಿನಲ್ಲಿ ಹಬ್ಬಿದ್ದ ಹುಲ್ಲುಗಾವಲಿಗೆ ಗತ್ರಿ ‘ಮ್ಯಾಮತ್ ಸ್ಟೆಪ್’ ಎಂದು ಹೆಸರಿಟ್ಟರು. ಹಿಮ ಕರಗಿ ಸಮುದ್ರ ಏರತೊಡಗಿದಂತೆ ತೇವ ಒಳನುಗ್ಗಿತು. ಸುಮಾರು 14,000 ವರ್ಷಗಳ ಹಿಂದೆ ಕುಳ್ಳು ಬರ್ಚ್, ವಿಲೋ ಪೊದೆಗಳು ಹುಲ್ಲನ್ನು ಒತ್ತರಿಸಿದವು. ಬಿಳಿ ಸ್ಪ್ರೂಸ್ ಕಾಡು ಹಬ್ಬಿದ್ದು ಸುಮಾರು 10,000 ವರ್ಷಗಳ ಹಿಂದೆ. ಕಪ್ಪು ಸ್ಪ್ರೂಸಿನ ದರ್ಬಾರು ಶುರುವಾಗಿ ಐದಾರು ಸಾವಿರ ವರ್ಷವಾಗಿದೆ, ಅಷ್ಟೇ. ಟನಾನಾ ಕಣಿವೆಯ ಸ್ವಾನ್ ಪಾಯಿಂಟ್‌ನಲ್ಲಿ ಸಿಕ್ಕಿರುವ ಮನುಷ್ಯರ ಒಲೆಗಳಿಗೆ ಸುಮಾರು 14,000 ವರ್ಷ. ಅಂದರೆ ಕಾಡಿಗಿಂತ ಮೊದಲೇ ಜನ ಅಲ್ಲಿ ಒಲೆ ಹೂಡಿದ್ದರು. ಇದೇ ಕಾಡನ್ನು ಮನುಷ್ಯ ಕಾಲಿಡದ ಆದಿಮ ಅರಣ್ಯವೆಂದು ಪ್ರವಾಸಿಗರಿಗೆ ಬಣ್ಣಿಸುವುದನ್ನು ಕೇಳಿದರೆ ನಗು ಬರುತ್ತದೆ.

ಫೇರ್‌ಬ್ಯಾಂಕ್ಸ್‌ಗೆ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಬರುವ ನೀರು ಸುಮಾರು 300 ಮಿ.ಮೀ. ನಮ್ಮ ಚಳ್ಳಕೆರೆಯಲ್ಲಿ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಹಾಗಿದ್ದೂ ಅಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಕೆಸರು, ಏಕೆಂದರೆ ಕೆಳಗಿರುವುದು ಪರ್ಮಾಫ್ರಾಸ್ಟ್, ವರ್ಷಗಟ್ಟಲೆ ಕರಗದ ಹೆಪ್ಪುನೆಲ. ಬೇಸಿಗೆಯಲ್ಲಿ ಮೇಲಿನ ಅರ್ಧ ಮೀಟರಿನಷ್ಟು ಮಣ್ಣು ಸಡಿಲವಾದರೂ ನೀರು ಕೆಳಗೆ ಇಂಗುವುದಿಲ್ಲ. ಕಪ್ಪು ಸ್ಪ್ರೂಸ್ ಇದಕ್ಕೆ ಒಗ್ಗಿದ ಮರ. ಬೇರು ಮೇಲೆಮೇಲೆಯೇ ಹರಡಿರುತ್ತದೆ. ಅಡಿಯ ಹೆಪ್ಪುನೆಲ ಕರಗಿದರೆ ಮರಗಳು ಕುಡಿದವರಂತೆ ಅತ್ತಿತ್ತ ವಾಲುತ್ತವೆ. ಅದರ ಕಾಯಿಗಳು ರಾಳದಿಂದ ಬಿಗಿದುಕೊಂಡಿದ್ದು, ಕಾಡ್ಗಿಚ್ಚಿನ ಕಾವಿಗೆ ಬಿರಿದು ಬೀಜ ಉದುರಿಸುತ್ತವೆ. 2004ರಲ್ಲಿ ಅಲಾಸ್ಕದಲ್ಲಿ 26,000 ಚದರ ಕಿ.ಮೀ.ಗೂ ಹೆಚ್ಚು ಪ್ರದೇಶ ಸುಟ್ಟಿತು. ಇಲ್ಲಿ ಒಂದೇ ಗುಡ್ಡದಲ್ಲಿ ಎರಡು ಕಾಡು: ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ ಹೆಪ್ಪುನೆಲವಿಲ್ಲ, ಬರ್ಚ್, ಆಸ್ಪೆನ್ ನೆಟ್ಟಗೆ ಬೆಳೆಯುತ್ತವೆ; ಉತ್ತರದ ಇಳಿಜಾರಿಗೆ ದಾಟಿದರೆ ಪಾಚಿ ಮತ್ತು ಬಡಕಲು ಸ್ಪ್ರೂಸ್.

ಚಳಿ ಹೆಚ್ಚಾದಲ್ಲಿ ಮರ ಬೆಳೆಯದು ಎಂದುಕೊಂಡರೆ ತಪ್ಪು. ಅಲಾಸ್ಕದ ದಾಖಲೆ ಚಳಿ, ಮೈನಸ್ 62.2 ಡಿಗ್ರಿ, 1971ರ ಜನವರಿಯಲ್ಲಿ ದಾಖಲಾದದ್ದು ಕಾಡಿನ ಸೀಮೆಯ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ. 1915ರ ಜೂನ್‌ನಲ್ಲಿ 37.8 ಡಿಗ್ರಿ ಬಿಸಿ ಕಂಡ ಫೋರ್ಟ್ ಯೂಕಾನ್ ಕೂಡ ಅದೇ ಸೀಮೆಯದು. ಮರಕ್ಕೆ ಬೇಕಾದದ್ದು ಬೇಸಿಗೆಯ ಬಿಸಿ. ಜುಲೈ ತಿಂಗಳ ಸರಾಸರಿ ಸುಮಾರು 10 ಡಿಗ್ರಿ ಮುಟ್ಟದ ಕಡೆ ಕಾಡು ನಿಲ್ಲುತ್ತದೆ. ಉತ್ತರ ತೀರದ ಉಟ್ಕಿಯಾಗ್ವಿಕ್‌ನಲ್ಲಿ ಬೇಸಿಗೆಯ ಸೂರ್ಯ ಎರಡು ತಿಂಗಳಿಗೂ ಹೆಚ್ಚು ಕಾಲ ಮುಳುಗುವುದಿಲ್ಲ, ಆದರೂ ಅಷ್ಟು ಬಿಸಿಯಾಗುವುದಿಲ್ಲ.

ಆಗ್ನೇಯ ಕರಾವಳಿಯ ಕಥೆಯೇ ಬೇರೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಟೊಂಗಾಸ್ ಕಾಡಿನ ಸಿಟ್ಕಾ ಸ್ಪ್ರೂಸ್, ಹೆಮ್‌ಲಾಕ್ ಮರಗಳು ಆಕಾಶ ಮುಚ್ಚುತ್ತವೆ. ಇಂಥ ಕಾಡು ಹುಟ್ಟುವುದನ್ನು ಜನ ಕಣ್ಣಾರೆ ನೋಡಿದ್ದಾರೆ. 1794ರಲ್ಲಿ ಬ್ರಿಟಿಷ್ ನೌಕಾಧಿಕಾರಿ ವ್ಯಾಂಕೂವರ್‌ನ ನಾವಿಕರು ಬಂದಾಗ ಈಗಿನ ಗ್ಲೇಸಿಯರ್ ಬೇ ಕೊಲ್ಲಿಯನ್ನು ಹಿಮನದಿಯೇ ತುಂಬಿಕೊಂಡಿತ್ತು. 1879ರಲ್ಲಿ ನಿಸರ್ಗ ಲೇಖಕ ಜಾನ್ ಮ್ಯೂರ್ ದೋಣಿಯಲ್ಲಿ ಬರುವ ಹೊತ್ತಿಗೆ ಹಿಮ ಹತ್ತಾರು ಕಿಲೊಮೀಟರ್ ಹಿಂದೆ ಸರಿದಿತ್ತು. 1916ರಲ್ಲಿ ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ, ಹಿಮ ಬಿಟ್ಟುಕೊಟ್ಟ ಬೋಳು ನೆಲದಲ್ಲಿ ಒಂದೊಂದು ಚದರ ಮೀಟರಿನ ತುಣುಕುಗಳನ್ನು ಗುರುತು ಹಾಕಿ, ಅಲ್ಲಿ ಏನೇನು ಮೊಳೆಯುತ್ತದೆಂದು ಬರೆದಿಡತೊಡಗಿದರು. ಶಿಷ್ಯರು ಮುಂದುವರಿಸಿದರು, ನೂರು ವರ್ಷದ ಬಳಿಕವೂ ಆ ತುಣುಕುಗಳ ಲೆಕ್ಕ ನಡೆದಿದೆ. ಮೊದಲು ಪಾಚಿ, ನೆಲಕ್ಕೆ ಅಂಟಿದಂತೆ ಹಬ್ಬುವ ಡ್ರಯಾಸ್. ಆಮೇಲೆ ಬೇರಿನಲ್ಲಿ ಸಾರಜನಕ ಕೂಡಿಡುವ ಆಲ್ಡರ್ ಪೊದೆ. ಆ ಗೊಬ್ಬರ ಉಂಡು ಮೇಲೆದ್ದ ಸ್ಪ್ರೂಸ್ ಕೊನೆಗೆ ಆಲ್ಡರ್‌ಗೇ ಬಿಸಿಲು ಬೀಳದಂತೆ ಮಾಡುತ್ತದೆ. ಹಿಂದೆ ಸರಿಯುವ ಮೊದಲು ಇದೇ ಹಿಮನದಿ ಮುನ್ನುಗ್ಗಿ ತಮ್ಮ ಹಳ್ಳಿಯನ್ನು ನುಂಗಿದ ಕಥೆಯನ್ನು ಅಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನ ಇಂದಿಗೂ ಹೇಳುತ್ತಾರೆ. ಅದು 18ನೇ ಶತಮಾನದಲ್ಲಿ ನಡೆದದ್ದೇ ಎಂದು ಭೂವಿಜ್ಞಾನವೂ ಒಪ್ಪುತ್ತದೆ.

ಬ್ರೂಕ್ಸ್ ಪರ್ವತಸಾಲು ದಾಟಿದರೆ ಟಂಡ್ರಾ: ಹುಲ್ಲು, ಜೊಂಡು, ಕ್ಯಾರಿಬೂ ಜಿಂಕೆ ಮೇಯುವ ಕಲ್ಲುಹೂವು, ಸಾವಿರಾರು ಕೆರೆಗಳು. ಹೆಪ್ಪುನೆಲ ಕೆಲವೆಡೆ 600 ಮೀಟರ್ ಆಳ. 1977ರ ಹೊತ್ತಿಗೆ ಇಲ್ಲಿಂದ ದಕ್ಷಿಣಕ್ಕೆ ಎಣ್ಣೆ ಕೊಳವೆ ಎಳೆದು ಮುಗಿಸಿದವರು ಬಿಸಿ ಎಣ್ಣೆಗೆ ನೆಲ ಕರಗಿ ಕುಸಿಯಬಾರದೆಂದು ಅದರ ಅರ್ಧಕ್ಕಿಂತ ಹೆಚ್ಚು ಉದ್ದವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಬೇಕಾಯಿತು. ಅಷ್ಟು ತೇವದ ಈ ನೆಲಕ್ಕೂ 2007ರಲ್ಲಿ ಬೆಂಕಿ ಬಿತ್ತು. ಅನಕ್ಟುವುಕ್ ನದಿಯ ಬಳಿ ಸುಮಾರು 1,000 ಚದರ ಕಿ.ಮೀ. ಸುಟ್ಟುಹೋಯಿತು.

ಈಗ ಟಂಡ್ರಾದ ಹೊಳೆದಂಡೆಗಳಲ್ಲಿ ವಿಲೋ, ಆಲ್ಡರ್ ಎತ್ತರವಾಗುತ್ತಿವೆ. ಬೆನ್ನಿಗೇ, ಗಿಡಮರ ಕಡಿದು ಹೊಳೆಗೆ ಕಟ್ಟೆ ಕಟ್ಟುವ ಬೀವರ್ ಎಂಬ ಪ್ರಾಣಿಗಳೂ ಬಂದಿವೆ. ಪಶ್ಚಿಮ ಅಲಾಸ್ಕದ ಟಂಡ್ರಾವನ್ನು 1950ರ ಸುಮಾರಿಗೆ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಾಣದ ಬೀವರ್ ಕೊಳಗಳು ಇಂದಿನ ಉಪಗ್ರಹ ಚಿತ್ರಗಳಲ್ಲಿ ಸಾವಿರಾರು. ಕಟ್ಟೆಯ ಹಿಂದೆ ನಿಂತ ನೀರು ಚಳಿಗಾಲದಲ್ಲೂ ತಳದವರೆಗೆ ಗಟ್ಟಿಯಾಗದೆ ಅಡಿಯ ಹೆಪ್ಪುನೆಲವನ್ನು ಕರಗಿಸುತ್ತದೆ. ಹೊಳೆಯ ಮೀನು, ಕುಡಿಯುವ ನೀರು ಏನಾಗುತ್ತದೋ ಎಂಬ ಚಿಂತೆ ಅಲ್ಲಿನ ಇನ್ಯೂಪಿಯಾಟ್ ಮೂಲನಿವಾಸಿಗಳ ಹಳ್ಳಿಗಳದು. ಬೀವರ್‌ಗೆ ಮಾತ್ರ ಇನ್ನಷ್ಟು ಕಟ್ಟೆ ಕಟ್ಟಲು ಬೇಕಾದ ಪೊದೆ ಪ್ರತಿ ಬೇಸಿಗೆಯಲ್ಲೂ ಬೆಳೆಯುತ್ತಿದೆ.