ಹೊಲಕ್ಕೆ ಬೇಕಾದ ಇಂಜನಿಯರು

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಂಗಳೂರಿನ ಪಶ್ಚಿಮ ಭಾಗದಿಂದ ಹೊರಟು ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಕಡೆಗೆ ಹೋದವರು ಒಂದು ದೃಶ್ಯವನ್ನು ಕಂಡಿರಬಹುದು. ಕುಯ್ದ ರಾಗಿಯ ತೆನೆಗಳನ್ನು ರೈತರು ಡಾಂಬರು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಬಸ್ಸು, ಲಾರಿ, ಕಾರುಗಳು ಅದರ ಮೇಲೆ ಹಾದುಹೋಗುತ್ತವೆ. ಚಕ್ರದ ಒತ್ತಡಕ್ಕೆ ಕಾಳು ಉದುರುತ್ತದೆ. ದ್ವಿಚಕ್ರ ವಾಹನದವರಿಗೆ ಇದು ಅಪಾಯಕಾರಿಯಾದದ್ದು. ರೈತನಿಗೂ ಪೂರ್ಣ ಲಾಭವಿಲ್ಲ. ಕಾಳಿನೊಡನೆ ಧೂಳು, ಎಣ್ಣೆ, ಕಲ್ಲಿನ ಚೂರು ಬೆರೆಯುತ್ತವೆ. ಹೀಗಿದ್ದೂ ಪ್ರತಿವರ್ಷವೂ ರಸ್ತೆಯು ಕಣವಾಗುತ್ತದೆ. ಇದಕ್ಕೆ ಕಾರಣವೇನು?

ಹಿಂದೆ ಹಳ್ಳಿಹಳ್ಳಿಯಲ್ಲಿಯೂ ನೆಲವನ್ನು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ ಕಣವನ್ನು ಸಿದ್ಧಮಾಡುತ್ತಿದ್ದರು. ಮೆದೆಯಿಂದ ತೆಗೆದ ರಾಗಿಯನ್ನು ಕಣದಲ್ಲಿ ಹರಡಿ, ಅದರ ಮೇಲೆ ಎತ್ತುಗಳಿಂದ ರೋಣಗಲ್ಲನ್ನು ಎಳೆಯಿಸುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಎತ್ತುಗಳಿಲ್ಲ, ಕೂಲಿಯಾಳುಗಳು ಸಿಕ್ಕುವುದು ದುರ್ಲಭ, ಕಣ ಮಾಡುವಷ್ಟು ಬಿಡುವೂ ಇಲ್ಲ. ಆದಕಾರಣ ರೋಣಗಲ್ಲಿನ ಕೆಲಸವನ್ನು ರೈತನು ಮೋಟಾರಿನ ಚಕ್ರಕ್ಕೆ ವಹಿಸಿದ್ದಾನೆ. ಅವನು ಎದುರಿಸಿದ್ದು ಒಂದು ಇಂಜನಿಯರಿಂಗ್ ಪ್ರಶ್ನೆ. ಕೈಗೆ ಸಿಕ್ಕಿದ ಸಾಧನದಿಂದ ಅವನೇ ಅದಕ್ಕೆ ಉತ್ತರವನ್ನು ಹುಡುಕಿಕೊಂಡಿದ್ದಾನೆ.

ಇದಕ್ಕಿಂತ ಉತ್ತಮವಾದ ಉತ್ತರವನ್ನು ಕೊಡಬಲ್ಲವರು ಯಾರು? ಬೆಳೆಯ ಶಾಸ್ತ್ರವನ್ನು ಓದಿದವರು ರಾಗಿಯ ಗುಣವನ್ನು ಬಲ್ಲರು. ಯಂತ್ರಶಾಸ್ತ್ರವನ್ನು ಓದಿದವರು ಚಕ್ರ, ಉರುಳೆಗಳ ಚಲನೆಯನ್ನು ಬಲ್ಲರು. ಇವೆರಡನ್ನೂ ಒಟ್ಟಿಗೆ ಕಲಿಸಲು ಹುಟ್ಟಿದ ವಿದ್ಯೆಯೇ ಕೃಷಿ ಇಂಜನಿಯರಿಂಗ್. ಟ್ರಾಕ್ಟರ್ ದುರಸ್ತಿಯ ಕಸುಬೆಂದು ಇದನ್ನು ತಿಳಿದವರುಂಟು. ವಾಸ್ತವವಾಗಿ ಇದು ಮಣ್ಣು, ನೀರು, ಕಾಳು ಮತ್ತು ಶಕ್ತಿಗಳನ್ನು ಅಳೆದು ಲೆಕ್ಕಹಾಕುವ ಶಾಸ್ತ್ರ. ಇದರ ಸ್ವರೂಪವನ್ನು ಮೂರು ಸಣ್ಣ ಲೆಕ್ಕಗಳ ಮೂಲಕ ತಿಳಿಯಲು ಯತ್ನಿಸೋಣ. ಇವುಗಳಿಗೆ ಪ್ರೌಢಶಾಲೆಯ ಗಣಿತವೇ ಸಾಕು.

ನೇಗಿಲಿನ ಲೆಕ್ಕ

ನಮ್ಮ ಸೀಮೆಯ ಹಳ್ಳಿಕಾರ್ ಎತ್ತು ಒಂದೊಂದೂ ೩೫೦ ಕಿಲೋಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಎತ್ತು ದಣಿಯದೆ ಬಹಳ ಹೊತ್ತು ಎಳೆಯಬಲ್ಲ ಬಲವು ಅದರ ತೂಕದ ಸುಮಾರು ಹತ್ತನೆಯ ಒಂದು ಪಾಲು. ಹಾಗಾದರೆ ಒಂದು ಜೊತೆಯ ಎಳೆತ ೭೦ ಕಿಲೋಗ್ರಾಂ ಭಾರಕ್ಕೆ ಸಮನಾಯಿತು. ಇನ್ನು ನೇಗಿಲು ಸೀಳುವ ಸಾಲು ೧೫ ಸೆಂಟಿಮೀಟರ್ ಅಗಲ, ೧೦ ಸೆಂಟಿಮೀಟರ್ ಆಳವಾಗಿರಲಿ. ಸೀಳಿದ ಮಣ್ಣಿನ ಅಡ್ಡಕೊಯ್ತ ೧೫೦ ಚದರ ಸೆಂಟಿಮೀಟರ್. ಹದವಾದ ಮಣ್ಣು ಪ್ರತಿ ಚದರ ಸೆಂಟಿಮೀಟರಿಗೆ ೦.೪ ಕಿಲೋಗ್ರಾಮಿನಷ್ಟು ತಡೆಯನ್ನು ಒಡ್ಡಿದರೆ ಒಟ್ಟು ತಡೆ ೬೦ ಕಿಲೋಗ್ರಾಂ. ಎತ್ತುಗಳು ಇದನ್ನು ನಿಭಾಯಿಸಬಲ್ಲವು.

ಇನ್ನಷ್ಟು ಆಳವಾಗಿ ಉಳಬೇಕೆಂದು ಯಾರಾದರೂ ಅದೇ ನೇಗಿಲನ್ನು ೧೫ ಸೆಂಟಿಮೀಟರ್ ಆಳಕ್ಕೆ ಇಳಿಸಿದರೆ ತಡೆ ೯೦ ಕಿಲೋಗ್ರಾಮಿಗೆ ಏರುತ್ತದೆ. ಎತ್ತುಗಳು ಬೇಗನೆ ದಣಿದು ನಿಂತುಬಿಡುತ್ತವೆ. ಮಣ್ಣು ಒಣಗಿ ಗಟ್ಟಿಯಾದರೂ ಇದೇ ಗತಿ. ಮಳೆ ಬಿದ್ದೊಡನೆ ರೈತನು ಹದ ತಪ್ಪುವುದೆಂದು ಏಕೆ ಅವಸರಪಡುತ್ತಾನೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ೧೫ ಸೆಂಟಿಮೀಟರ್ ಅಗಲದ ಸಾಲುಗಳಲ್ಲಿ ಒಂದು ಎಕರೆಯನ್ನು ಒಮ್ಮೆ ಉತ್ತು ಮುಗಿಸಲು ರೈತನು ನೇಗಿಲಿನ ಹಿಂದೆ ಸುಮಾರು ೨೭ ಕಿಲೋಮೀಟರ್ ನಡೆಯಬೇಕು. ಇದು ಹೆಚ್ಚುಕಡಿಮೆ ವಿಜಯನಗರದಿಂದ ಬಿಡದಿಗೆ ನಡೆದುಹೋದಂತೆ. ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ, ತಿರುವುಗಳ ಕಾಲವನ್ನು ಬಿಟ್ಟು, ಸುಮಾರು ಹನ್ನೊಂದು ಗಂಟೆಗಳ ಕೆಲಸ. ಆ ಹೊತ್ತಿನಲ್ಲಿ ಎರಡು ಎತ್ತುಗಳಿಂದ ದೊರೆಯುವ ಸಾಮರ್ಥ್ಯ ಅಶ್ವಶಕ್ತಿಯ ಮೂರನೆಯ ಎರಡು ಪಾಲಿಗಿಂತ ತುಸು ಕಡಿಮೆ.

ಹಾಗಾದರೆ ಪ್ರತಿಯೊಬ್ಬ ರೈತನಿಗೂ ೪೫ ಅಶ್ವಶಕ್ತಿಯ ಟ್ರಾಕ್ಟರ್ ಒದಗಿಸಿದರೆ ಸಾಲದೆ? ಸಾಲದು. ೨೦೧೫-೧೬ರ ಕೃಷಿಗಣತಿಯಂತೆ ಭಾರತದ ಸರಾಸರಿ ಹಿಡುವಳಿ ೧.೦೮ ಹೆಕ್ಟೇರ್, ಎಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಅಷ್ಟು ನೆಲವನ್ನು ಟ್ರಾಕ್ಟರ್ ಒಂದು ದಿನದೊಳಗೆ ಉತ್ತು ಮುಗಿಸಿ, ವರ್ಷದ ಉಳಿದ ದಿನಗಳಲ್ಲಿ ಬಹುಪಾಲು ಸುಮ್ಮನೆ ನಿಂತಿರುತ್ತದೆ. ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಅದರ ಭಾರದಿಂದ ಮಣ್ಣು ಅದುಮಿಹೋಗುವುದೂ ಉಂಟು. ಆದುದರಿಂದಲೇ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಕೇಂದ್ರಗಳು ಬೇಕಾದವು. ಕರ್ನಾಟಕದಲ್ಲಿ ೨೦೧೪-೧೫ರಲ್ಲಿ ಆರಂಭವಾದ ‘ಕೃಷಿ ಯಂತ್ರಧಾರೆ’ ಇದೇ ಉದ್ದೇಶದ್ದು. ಯಂತ್ರದ ಗಾತ್ರವನ್ನು ಹೊಲದ ಗಾತ್ರಕ್ಕೂ ರೈತನ ಹಣದ ಶಕ್ತಿಗೂ ಹೊಂದಿಸುವುದು ಈ ವಿದ್ಯೆಯ ಮುಖ್ಯ ಪಾಠಗಳಲ್ಲೊಂದು.

ನೀರಿನ ಲೆಕ್ಕ

ಎರಡನೆಯ ಲೆಕ್ಕಕ್ಕೆ ಹೊಲಕ್ಕೆ ಹೋಗಬೇಕಾಗಿಲ್ಲ. ಬಸವೇಶ್ವರನಗರದ ಮನೆಯ ಬಾಗಿಲಲ್ಲಿ ನಿಂತರೂ ಸಾಕು. ಬೆಂಗಳೂರು ಒಂದು ದಿಣ್ಣೆಯ ಮೇಲಿರುವ ನಗರ. ಅದರ ಪಶ್ಚಿಮ ಭಾಗದ ಇಳಿಜಾರಿನ ನೀರು ಬಹುಮಟ್ಟಿಗೆ ವೃಷಭಾವತಿಯನ್ನು ಸೇರಿ, ಕೆಂಗೇರಿಯ ಬಳಿ ಹರಿದು, ಬಿಡದಿಯ ಹತ್ತಿರದ ಬೈರಮಂಗಲದ ಕೆರೆಯನ್ನು ತಲುಪಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ.

ಒಂದು ಮಿಲಿಮೀಟರ್ ಮಳೆ ಬಂದರೆ ಪ್ರತಿ ಚದರ ಮೀಟರಿನ ಮೇಲೆ ಒಂದು ಲೀಟರ್, ಪ್ರತಿ ಹೆಕ್ಟೇರಿನ ಮೇಲೆ ೧೦,೦೦೦ ಲೀಟರ್ ನೀರು ಬಿದ್ದಂತಾಯಿತು. ಹತ್ತು ಹೆಕ್ಟೇರ್ ಪ್ರದೇಶದಲ್ಲಿ ಗಂಟೆಗೆ ೬೦ ಮಿಲಿಮೀಟರ್ ವೇಗದ ಬಿರುಮಳೆ ಸುರಿಯುತ್ತಿದೆಯೆಂದು ಭಾವಿಸೋಣ. ಆಗ ಪ್ರತಿ ಸೆಕೆಂಡಿಗೆ ಬೀಳುವ ನೀರು ಸುಮಾರು ೧,೬೭೦ ಲೀಟರ್. ಆ ಪ್ರದೇಶ ರಾಗಿಯ ಹೊಲವಾಗಿದ್ದರೆ ಸುಮಾರು ನೂರಕ್ಕೆ ೩೦ ಪಾಲು ಹರಿದುಹೋಗಿ, ಉಳಿದದ್ದು ಮಣ್ಣಿನಲ್ಲಿ ಇಂಗಬಹುದು. ಹಳ್ಳಕ್ಕೆ ಬರುವುದು ಸೆಕೆಂಡಿಗೆ ೫೦೦ ಲೀಟರ್. ಅದೇ ಪ್ರದೇಶದಲ್ಲಿ ತಾರಸಿ, ಕಾಂಕ್ರೀಟು, ಡಾಂಬರು ತುಂಬಿದ್ದರೆ ನೂರಕ್ಕೆ ೯೦ ಪಾಲು ಹರಿಯುತ್ತದೆ. ಎಂದರೆ ಸೆಕೆಂಡಿಗೆ ೧,೫೦೦ ಲೀಟರ್. ಮಳೆ ಒಂದೇ, ನೆಲವೂ ಅಷ್ಟೇ. ಪ್ರವಾಹ ಮಾತ್ರ ಮೂರು ಪಟ್ಟು. ಹೊಲಗಳಿದ್ದ ಕಾಲದ ಕಾಲುವೆ ಬಡಾವಣೆಯಾದ ಮೇಲೆ ಏಕೆ ಉಕ್ಕುವುದೆಂಬುದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ.

ಕೃಷಿ ಇಂಜನಿಯರಿಂಗ್ ವಿದ್ಯಾರ್ಥಿಯು ಈ ಲೆಕ್ಕವನ್ನು ಜಲಾನಯನದ ಪಾಠದಲ್ಲಿ ಕಲಿಯುತ್ತಾನೆ. ಆದರೆ ಅವನ ಗಮನವೆಲ್ಲ ಹರಿಯುವ ನೀರನ್ನು ಹೇಗೆ ನಿಧಾನಗೊಳಿಸಬೇಕೆಂಬುದರ ಮೇಲೆ. ಹೊಲದಲ್ಲಿ ಒಂದೇ ಎತ್ತರದ ಬಿಂದುಗಳನ್ನು ಅಳೆದು ಗುರುತಿಸಿ, ಆ ಗೆರೆಯ ಮೇಲೆ ಬದುವನ್ನು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು, ತಗ್ಗಿನಲ್ಲಿ ಕೃಷಿಹೊಂಡವನ್ನು ತೋಡಿ ಹೆಚ್ಚಾದ ನೀರನ್ನು ಹೊರಬಿಡಲು ಕೋಡಿಯನ್ನು ಕಟ್ಟುವುದು, ಇವೆಲ್ಲ ಅವನ ಕೆಲಸ. ಬದು ಎಷ್ಟು ಎತ್ತರವಿರಬೇಕು, ಕೋಡಿ ಎಷ್ಟು ಅಗಲವಿರಬೇಕು ಎಂಬುದನ್ನು ಮೇಲಿನಂಥ ಲೆಕ್ಕವೇ ನಿರ್ಣಯಿಸುತ್ತದೆ. ಕೋಡಿ ಕಿರಿದಾದರೆ ಒಂದೇ ಮಳೆಗೆ ಬದು ಒಡೆದು, ಅನೇಕ ವರ್ಷಗಳ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ವೃಷಭಾವತಿಯು ಇನ್ನೊಂದು ಕಠಿನ ಪ್ರಶ್ನೆಯನ್ನೂ ಒಡ್ಡುತ್ತದೆ. ನಗರದ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಸೇರಿದ ಅದರ ನೀರನ್ನು ಬೈರಮಂಗಲದ ಸುತ್ತಿನ ರೈತರು ಬೇಸಾಯಕ್ಕೆ ಬಳಸುತ್ತ ಬಂದಿದ್ದಾರೆ. ಅಂಥ ನೀರನ್ನು ಎಷ್ಟರಮಟ್ಟಿಗೆ ಶುದ್ಧಿಮಾಡಬೇಕು, ಯಾವ ಬೆಳೆಗೆ ಕೊಡಬಹುದು, ಮಣ್ಣಿನಲ್ಲಿ ಏನು ಉಳಿಯುತ್ತದೆ ಎಂಬ ವಿಚಾರಗಳಲ್ಲಿ ರಸಾಯನಶಾಸ್ತ್ರಜ್ಞನೊಡನೆ ನೀರಾವರಿಯ ಇಂಜನಿಯರನೂ ಕುಳಿತು ಯೋಚಿಸಬೇಕಾಗಿದೆ.

ಕಾಳಿನ ಲೆಕ್ಕ

ಬೆಳೆ ಮನೆಗೆ ಬಂದ ಮೇಲೂ ಲೆಕ್ಕ ಮುಗಿಯದು. ನೂರು ಕಿಲೋಗ್ರಾಂ ರಾಗಿಯಲ್ಲಿ ನೂರಕ್ಕೆ ೧೮ ಪಾಲು ತೇವವಿದೆ. ಅದನ್ನು ೧೨ಕ್ಕೆ ಇಳಿಸಬೇಕು. ಎಷ್ಟು ನೀರನ್ನು ತೆಗೆಯಬೇಕು? ಆರು ಕಿಲೋಗ್ರಾಂ ಎಂದು ಥಟ್ಟನೆ ಹೇಳಿಬಿಡುವವರೇ ಹೆಚ್ಚು. ಆದರೆ ಒಣಗಿದಂತೆ ಒಟ್ಟು ತೂಕವೂ ಇಳಿಯುತ್ತದೆಂಬುದನ್ನು ಮರೆಯಬಾರದು. ನೀರನ್ನು ಬಿಟ್ಟು ಉಳಿದ ಒಣ ಪದಾರ್ಥ ೮೨ ಕಿಲೋಗ್ರಾಂ. ಕೊನೆಗೆ ಇದು ನೂರಕ್ಕೆ ೮೮ ಪಾಲಾಗಬೇಕಾದ್ದರಿಂದ ಒಣಗಿದ ರಾಗಿಯ ತೂಕ ೯೩.೨ ಕಿಲೋಗ್ರಾಂ. ತೆಗೆಯಬೇಕಾದ ನೀರು ೬.೮ ಕಿಲೋಗ್ರಾಂ. ಸಾವಿರಾರು ಮೂಟೆಗಳನ್ನು ಒಣಗಿಸುವ ಕಡೆ ಈ ಅಲ್ಪ ವ್ಯತ್ಯಾಸವೇ ದೊಡ್ಡ ಮೊತ್ತವಾಗುತ್ತದೆ.

ನಮ್ಮ ಹಿರಿಯರಿಗೆ ಇಂಥ ಸೂತ್ರಗಳು ತಿಳಿದಿರಲಿಲ್ಲವಾದರೂ ಅನುಭವ ಉಂಟಾಗಿತ್ತು. ಒಣಗಿದ ರಾಗಿಯನ್ನು ಅವರು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿಯನ್ನು ಭದ್ರವಾಗಿ ಮುಚ್ಚುತ್ತಿದ್ದರು. ಒಳಗಿನ ಆಮ್ಲಜನಕವು ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಕ್ಷೀಣಿಸಿ, ಹುಳುಗಳು ಬದುಕಲಾರದ ಸ್ಥಿತಿ ಒದಗುತ್ತಿತ್ತು. ಗಾಳಿಯಾಡದ ಚೀಲಗಳಲ್ಲಿ ಧಾನ್ಯವನ್ನು ಶೇಖರಿಸುವ ಇಂದಿನ ವಿಧಾನದ ತತ್ತ್ವವೂ ಇದೇ. ಆದರೆ ಅಂಥ ಹಗೇವಿನೊಳಕ್ಕೆ ಅವಸರದಲ್ಲಿ ಇಳಿದರೆ ಮನುಷ್ಯನಿಗೂ ಪ್ರಾಣಾಪಾಯವುಂಟು.

ಪದವಿಯ ವ್ಯಾಸಂಗ

ಈ ವಿದ್ಯೆ ಹಳೆಯದಲ್ಲ. ಅಮೆರಿಕೆಯಲ್ಲಿ ಕೃಷಿ ಇಂಜನಿಯರುಗಳ ಸಂಘ ಹುಟ್ಟಿದ್ದು ೧೯೦೭ರಲ್ಲಿ. ಭಾರತದಲ್ಲಿ ಇದರ ಪದವಿ ಶಿಕ್ಷಣ ೧೯೪೨ರಲ್ಲಿ ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ ಮೇಸನ್ ವಾ ಎಂಬ ಅಮೆರಿಕನ್ ಇಂಜನಿಯರರ ಪ್ರಯತ್ನದಿಂದ ಆರಂಭವಾಯಿತು, ಖರಗಪುರದ ಐ.ಐ.ಟಿ.ಯಲ್ಲಿ ೧೯೫೨ರಲ್ಲಿ ಇದಕ್ಕೆ ವಿಭಾಗ ಏರ್ಪಟ್ಟಿತು. ನಮ್ಮ ನಾಡಿನಲ್ಲಿ ಕೃಷಿ ಸಂಶೋಧನೆಯ ಬೀಜ ಬಿದ್ದದ್ದು ೧೮೯೯ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಕೊಟ್ಟಾಗ. ಅಲ್ಲಿಯೇ ೧೯೧೩ರಲ್ಲಿ ಕೃಷಿಶಾಲೆ, ೧೯೪೬ರಲ್ಲಿ ಕಾಲೇಜು ತೆರೆದವು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾಗಿ, ೧೯೬೯ರಲ್ಲಿ ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಉದ್ಘಾಟನೆಯಾಯಿತು. ಈಗ ಆ ಕೇಂದ್ರದಲ್ಲಿಯೂ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಕೃಷಿ ಇಂಜನಿಯರಿಂಗ್‌ನ ಬಿ.ಟೆಕ್. ಪದವಿಯನ್ನು ಪಡೆಯಬಹುದು.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿ, ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೇರಬೇಕು. ವ್ಯಾಸಂಗ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳು. ಮೊದಲಿಗೆ ಇತರ ಇಂಜನಿಯರುಗಳಂತೆಯೇ ಗಣಿತ, ಯಂತ್ರಬಲಶಾಸ್ತ್ರ, ಉಷ್ಣಗತಿಶಾಸ್ತ್ರ, ದ್ರವಗಳ ಚಲನೆ, ಭೂಮಾಪನಗಳನ್ನು ಓದಬೇಕು. ಜೊತೆಗೆ ಮಣ್ಣಿನ ಶಾಸ್ತ್ರವನ್ನೂ ಬೆಳೆಗಳ ಶಾಸ್ತ್ರವನ್ನೂ ಕಲಿಯಬೇಕು. ಮುಂದೆ ವಿಷಯವು ಐದು ಶಾಖೆಗಳಾಗಿ ಹರಡುತ್ತದೆ: ಕೃಷಿ ಯಂತ್ರಗಳು ಮತ್ತು ಶಕ್ತಿ, ಮಣ್ಣು ಮತ್ತು ನೀರಿನ ಸಂರಕ್ಷಣೆ, ನೀರಾವರಿ ಮತ್ತು ಬಸಿಗಾಲುವೆ, ಆಹಾರ ಸಂಸ್ಕರಣೆ, ಮತ್ತು ಸೂರ್ಯಶಕ್ತಿ, ಜೈವಿಕ ಅನಿಲಗಳಂಥ ನವೀಕರಿಸಬಹುದಾದ ಶಕ್ತಿ. ಕೊನೆಯ ವರ್ಷದಲ್ಲಿ ಹೊರಗಿನ ಕೆಲಸದ ಅನುಭವವೂ ಸ್ವಂತ ಯೋಜನೆಯೂ ಇರುತ್ತವೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗಣಕವಿಜ್ಞಾನವನ್ನು ಓದಿದವರಿಗಿರುವಷ್ಟು ಹುದ್ದೆಗಳು ಈ ಪದವೀಧರರಿಗೆ ನಗರದಲ್ಲಿ ಕಾದಿರುವುದಿಲ್ಲ. ಟ್ರಾಕ್ಟರ್ ಮತ್ತು ಉಪಕರಣಗಳ ಕಾರ್ಖಾನೆಗಳು, ಹನಿ ನೀರಾವರಿಯ ಸಂಸ್ಥೆಗಳು, ಆಹಾರ ಸಂಸ್ಕರಣದ ಉದ್ಯಮಗಳು, ಜಲಾನಯನ ಯೋಜನೆಗಳು, ಬ್ಯಾಂಕುಗಳು, ಸಂಶೋಧನಾಲಯಗಳು ಇವರಿಗೆ ಕೆಲಸ ಕೊಡುತ್ತವೆ. ಆದರೆ ಬಿಸಿಲು, ಕೆಸರುಗಳಿಗೆ ಹಿಂಜರಿಯುವವರಿಗೂ, ರೈತನ ಮಾತನ್ನು ತಾಳ್ಮೆಯಿಂದ ಕೇಳಲಾರದವರಿಗೂ ಈ ವಿದ್ಯೆ ಒಗ್ಗದು. ಹಳ್ಳಿಯಲ್ಲಿ ಹುಟ್ಟಿದವರಿಗೆ ಮಾತ್ರ ಇದು ಸಲ್ಲುವುದೆಂಬುದೂ ತಪ್ಪು ಭಾವನೆ. ರಾಜಾಜಿನಗರದ ಕಾರ್ಖಾನೆಗಳ ನಡುವೆ ಬೆಳೆದ ಹುಡುಗನಿಗಾಗಲಿ, ಕೆಂಗೇರಿಯ ಹುಡುಗಿಗಾಗಲಿ, ಕಲಿಯುವ ಆಸೆಯಿದ್ದರೆ ಹೊಲವೇ ಪಾಠ ಹೇಳುತ್ತದೆ.

ಮತ್ತೆ ಮಾಗಡಿ ರಸ್ತೆಯ ರಾಗಿಗೆ ಹಿಂದಿರುಗೋಣ. ರಾಗಿಯನ್ನು ಒಕ್ಕುವ ಯಂತ್ರಗಳು ಇಂದು ಇಲ್ಲದಿಲ್ಲ. ಅರ್ಧ ಮೀಟರ್ ವ್ಯಾಸದ ಉರುಳೆಯು ನಿಮಿಷಕ್ಕೆ ೬೦೦ ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು ೫೬ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ವೇಗ ಕಡಿಮೆಯಾದರೆ ತೆನೆಯಲ್ಲಿ ಕಾಳು ಉಳಿಯುತ್ತದೆ. ಮಿತಿಮೀರಿದರೆ ಕಾಳು ಒಡೆಯುತ್ತದೆ. ಹುಲ್ಲು ಪುಡಿಯಾಗಿ ಹಾಳಾಗಲೂ ಕೂಡದು; ಏಕೆಂದರೆ ವರ್ಷವಿಡೀ ಹಸುವಿಗೆ ಬೇಕಾದ ಮೇವು ಅದೇ. ಯಂತ್ರದ ಬಾಡಿಗೆ ಎರಡು ಎಕರೆಯ ರೈತನಿಗೆ ಎಟುಕುವಂತಿರಬೇಕು, ಕೊಯ್ಲಿನ ವಾರದಲ್ಲಿಯೇ ಅದು ಅವನ ಹೊಲದ ಬಳಿಗೆ ಬರಬೇಕು. ಇಷ್ಟೂ ನಿಬಂಧನೆಗಳನ್ನು ಒಟ್ಟಿಗೆ ಪೂರೈಸುವ ಏರ್ಪಾಡು ಎಲ್ಲ ಹಳ್ಳಿಗಳಿಗೂ ತಲುಪಿದಾಗ ರಾಗಿ ತಾನಾಗಿಯೇ ರಸ್ತೆಯಿಂದ ಕೆಳಗಿಳಿಯುತ್ತದೆ. ಈ ಬಾರಿ ಆ ದಾರಿಯಲ್ಲಿ ಪ್ರಯಾಣ ಮಾಡುವ ವಿದ್ಯಾರ್ಥಿಗಳು ಬಸ್ಸಿನಿಂದಿಳಿದು ಒಂದು ತೆನೆಯನ್ನು ಕೈಯಲ್ಲಿ ಉಜ್ಜಿ ನೋಡಲಿ. ಕಾಳನ್ನು ಬಿಡಿಸಲು ಎಷ್ಟು ಬಲ ಬೇಕೆಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಎದ್ದರೆ, ಈ ವಿದ್ಯೆಯ ಮೊದಲ ಪಾಠ ಆರಂಭವಾಯಿತೆಂದೇ ನಾವು ಭಾವಿಸುತ್ತೇವೆ.