ಚೌಳು ಭೂಮಿಯ ಉದ್ಧಾರ

ತುಂಗಭದ್ರೆಯ ಕಾಲುವೆಗಳಲ್ಲಿ 1953ರಲ್ಲಿ ನೀರು ಹರಿಯಿತು. ಬರಗಾಲಕ್ಕೆ ಹೆಸರಾಗಿದ್ದ ಗಂಗಾವತಿ, ಸಿಂಧನೂರು, ಸಿರುಗುಪ್ಪೆಗಳ ಸೀಮೆಯು ಬತ್ತದ ಕಣಜವಾಯಿತು. ಆದರೆ ಅದೇ ನೀರು ಎಷ್ಟೋ ಎರೆಹೊಲಗಳಿಗೆ ಚೌಳು ಹಿಡಿಸಿತೆಂಬುದನ್ನು ಪಟ್ಟಣವಾಸಿಗಳಾದ ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? ಎಡದಂಡೆಯ ಬಹುಭಾಗಕ್ಕೆ ಯೋಜನೆಯು ಗೊತ್ತುಮಾಡಿದ್ದುದು ಮಿತನೀರಿನ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದವರು ಬತ್ತವನ್ನೇ ಹಿಡಿದರು. ಕೆಳಗಿನವರಿಗೆ ನೀರಿಲ್ಲ, ಮೇಲಿನವರ ಹೊಲದಲ್ಲಿ ನಿಂತ ನೀರಿಗೆ ಹೋಗಲು ದಾರಿಯಿಲ್ಲ. ಅಂತರ್ಜಲವು ಲವಣಸಮೇತವಾಗಿ ಮೇಲೇರಿತು. ನೀರು ಬಿಸಿಲಿಗೆ ಆರಿತು, ಲವಣವು ಉಳಿಯಿತು.

ಚೌಳೆಲ್ಲವೂ ಒಂದೇ ಅಲ್ಲ. ಬರಿಯ ಉಪ್ಪು ಹಿಡಿದ ನೆಲವನ್ನು ಒಳ್ಳೆಯ ನೀರಿನಿಂದ ತೊಳೆದು, ಆ ನೀರನ್ನು ಬಸಿಗಾಲುವೆಯಿಂದ ಹೊರಹಾಕಿದರೆ ಸಾಕು. ಕ್ಷಾರ ಹಿಡಿದ ನೆಲದ ರೋಗವು ಬೇರೆ. ಅಲ್ಲಿ ಸೋಡಿಯಮ್ ಧಾತುವು ಜೇಡಿಯ ಕಣಗಳಿಗೆ ಅಂಟಿಕೊಂಡು ಅವುಗಳನ್ನು ಚದುರಿಸುತ್ತದೆ. ರಂಧ್ರಗಳು ಮುಚ್ಚಿಹೋಗಿ ಮಣ್ಣು ನೆನೆದರೆ ಕೆಸರು, ಒಣಗಿದರೆ ಕಲ್ಲು. ತೊಳೆಯಲು ಬಿಟ್ಟ ನೀರು ಕೆಳಗೆ ಇಳಿಯುವುದೇ ಇಲ್ಲ. ಹಿಂದೆ ಅಗಸರು ಬಟ್ಟೆಗೆ ಬಳಸುತ್ತಿದ್ದ ಸೌಳು ಮಣ್ಣು ಇದರ ಜ್ಞಾತಿಯೇ. ಬಟ್ಟೆಗೆ ಹಿತವಾದುದು ಬೇರಿಗೆ ವಿಷ!

ಇದಕ್ಕೆ ಔಷಧವು ಜಿಪ್ಸಮ್. ಅದರ ಕ್ಯಾಲ್ಸಿಯಮ್ ಸೋಡಿಯಮನ್ನು ಕಣಗಳಿಂದ ಹೊರದೂಡಿ ಆ ಸ್ಥಾನದಲ್ಲಿ ನಿಲ್ಲುತ್ತದೆ. ಹೊರಬಿದ್ದ ಸೋಡಿಯಮ್ ನೀರಿನಲ್ಲಿ ಕರಗುವ ಲವಣವಾಗಿ ಕೆಳಗಿಳಿಯುತ್ತದೆ. 1969ರಲ್ಲಿ ಸ್ಥಾಪಿತವಾದ ಕರ್ನಾಲದ ಕೇಂದ್ರೀಯ ಮಣ್ಣು ಲವಣತಾ ಸಂಶೋಧನಾ ಸಂಸ್ಥೆಯು ಪಂಜಾಬ, ಹರಿಯಾಣ, ಉತ್ತರಪ್ರದೇಶಗಳ ಬರಡು ನೆಲಕ್ಕೆ ತೋರಿಸಿಕೊಟ್ಟ ಮಾರ್ಗವಿದು: ಬದು ಹಾಕಿ ಹೊಲವನ್ನು ಸಮಮಾಡುವುದು, ಹೆಕ್ಟೇರಿಗೆ ಸಾಮಾನ್ಯವಾಗಿ 10ರಿಂದ 15 ಟನ್ ಜಿಪ್ಸಮನ್ನು ಮೇಲ್ಮಣ್ಣಿನಲ್ಲಷ್ಟೆ ಬೆರೆಸಿ ನೀರು ನಿಲ್ಲಿಸುವುದು, ಬಳಿಕ ಕ್ಷಾರವನ್ನು ಸಹಿಸುವ ಬತ್ತವನ್ನು ನೆಡುವುದು. ಆಳವಾಗಿ ಉತ್ತರೆ ಔಷಧವು ಹರಡಿ ಬಲಗುಂದುತ್ತದೆ. ಡಯಂಚದಂಥ ಹಸಿರುಗೊಬ್ಬರದ ಬೆಳೆಯನ್ನು ಎಳೆಯದಿರುವಾಗಲೇ ಉತ್ತು ಮಣ್ಣಿಗೆ ಸೇರಿಸುವುದೂ ಉಪಕಾರಿ.

ಉತ್ತರದ ಆ ಪ್ರಮಾಣವನ್ನು ನಮ್ಮ ಎರೆಭೂಮಿಗೆ ಕಣ್ಣುಮುಚ್ಚಿ ಅನ್ವಯಿಸಲಾಗದು. ಮಣ್ಣುಪರೀಕ್ಷೆಯಿಲ್ಲದೆ ಜಿಪ್ಸಮ್ ಕೊಳ್ಳುವುದು ನಾಡಿ ನೋಡದೆ ಮದ್ದು ಕುಡಿದಂತೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ವಿಷಯದ ಶೋಧನೆಯೇ ನಡೆದಿರುವಾಗ ಸಲಹೆಗೆ ಕೊರತೆಯಿಲ್ಲ.

ಜಿಪ್ಸಮಿನ ಚೀಲವನ್ನು ರೈತನು ಹೇಗೋ ತಂದಾನು. ಆದರೆ ಅವನ ಹೊಲದಿಂದ ಹೊರಟ ಬಸಿಗಾಲುವೆಯು ನಾಲ್ಕಾರು ನೆರೆಯವರ ಹೊಲಗಳನ್ನು ದಾಟಿ ಹಳ್ಳವನ್ನು ಸೇರಬೇಕು. ಅದು ಒಬ್ಬನಿಂದ ಆಗುವ ಕಾರ್ಯವಲ್ಲ. ಹಳ್ಳದ ಬಾಯಿಯೇ ಹೂಳಿನಿಂದ ಮುಚ್ಚಿದ್ದರೆ ಅಂಗಡಿಯ ಜಿಪ್ಸಮೆಲ್ಲವನ್ನೂ ಸುರಿದರೂ ವ್ಯರ್ಥ. ಮುಂದಿನ ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತೊಡನೆ ಅಧಿಕಾರಿಗಳು ಮೊದಲು ಆ ಹೂಳನ್ನು ತೆಗೆಸಲಿ.